ಪಾವಗಡದ ನರಸಮ್ಮಜ್ಜಿ: ಹದಿನೈದು ಸಾವಿರ ಕೂಸು ಎತ್ತಿಕೊಂಡ ಕೈ

ಚಿತ್ರದುರ್ಗದ ಕಡೆ ಹೆಣ್ಮಕ್ಕಳ ಚರಿತ್ರೆ ಅಂದ್ರೆ ಮೊದಲು ನೆಪ್ಪಿಗೆ ಬರೋದು ಒನಕೆ ಓಬವ್ವ. ನವೆಂಬರ್ 11ಕ್ಕೆ ಸರ್ಕಾರದಿಂದಲೇ ಜಯಂತಿ ಮಾಡ್ತಾರೆ, ಶಾಲೆ ಮಕ್ಕಳು ಕಚ್ಚೆ ಹಾಕ್ಕೊಂಡು ಒನಕೆ ಹಿಡ್ಕೊಂಡು ನಿಲ್ತಾವೆ. ಅದು ಆಗಬೇಕಾದ್ದೇ. ಆದ್ರೆ ಒನಕೆ ಹಿಡಿದ ಕೈ ಒಂದಿದ್ರೆ, ಬಿಸಿನೀರಿನ ಹಂಡೆ ಮುಂದೆ ಕೂತ ಕೈ ಊರಿಗೊಂದಿತ್ತು. ಯಾವ ಹೊತ್ತಲ್ಲಿ ಕರೆದ್ರೂ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಬರೋ ಸೂಲಗಿತ್ತಿಯ ಕೈ ಅದು. ಅಂಥ ಕೈಗೆ ಜಯಂತಿ ಇಲ್ಲ, ಪುತ್ಥಳಿ ಇಲ್ಲ, ಬಹಳಷ್ಟು ಊರಲ್ಲಿ ಹೆಸರೂ ಉಳಿದಿಲ್ಲ. ಹೆಸರು ಉಳಿದ ಒಬ್ಬರೇ ಒಬ್ಬರು ನಮ್ಮ ಪಕ್ಕದ ಸೀಮೆಯಲ್ಲೇ ಇದ್ರು. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ.

ಪಾವಗಡ ನಮಗೇನು ಹೊಸದಲ್ಲ ಬಿಡಿ. ಶನಿಮಹಾತ್ಮನ ಗುಡಿಗೆ ಅಂತ ಹಿರಿಯೂರಿಂದ, ಚಳ್ಳಕೆರೆಯಿಂದ ಬಸ್ ಹತ್ತಿದೋರು ನಮ್ಮಲ್ಲಿ ಎಷ್ಟೋ ಜನ ಇದಾರೆ. ಲೆಕ್ಕಕ್ಕೆ ತುಮಕೂರು ಜಿಲ್ಲೆ, ಆದ್ರೆ ಸುತ್ತ ಹೆಚ್ಚು ಪಾಲು ಆಂಧ್ರ, ಪಡುವಲ ಕಡೆ ನಮ್ಮ ಜಿಲ್ಲೆ. ಒಂದೇ ಬಿಸಿಲು, ಒಂದೇ ಬರಗಾಲ, ಒಂದೇ ಶೇಂಗಾ ಹೊಲ. ಬಾವಿ ನೀರಲ್ಲಿ ಫ್ಲೋರೈಡು ಜಾಸ್ತಿಯಾಗಿ ಹಲ್ಲು ಹಳದಿ ಆಗೋದೂ ಅಲ್ಲಿ ಇಲ್ಲಿ ಎರಡೂ ಕಡೆ ಇರೋ ಕಷ್ಟ. ಈಗ ಅದೇ ತಾಲ್ಲೂಕಿನ ಹೊಲಗಳ ಮೇಲೆ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಬಂದೈತೆ, ಕಣ್ಣು ಹಾಯೋವರೆಗೂ ಗಾಜಿನ ಹಲಗೆ. ನರಸಮ್ಮಜ್ಜಿ ಹುಟ್ಟಿದಾಗ ಅಲ್ಲಿ ಬೆಳಕು ಅಂದ್ರೆ ಎಣ್ಣೆ ಬುಡ್ಡಿ ಅಷ್ಟೇ. ಆ ಬುಡ್ಡಿ ಬೆಳಕಲ್ಲೇ ಅವರು ಕೆಲಸ ಕಲಿತದ್ದು.

ಸೂಲಗಿತ್ತಿ ಅನ್ನೋ ಮಾತು

ಮೊದಲು ಆ ಮಾತೇ ನೋಡಿ. ಎಮ್ಮೆ ಹಸು ಕೊಳ್ಳೋಕೆ ಹೋದಾಗ "ಎಷ್ಟನೇ ಸೂಲು?" ಅಂತ ಕೇಳ್ತೀವಲ್ಲ, ಅದೇ ಸೂಲು. ಹೆರಿಗೆ ಅಂತ ಅರ್ಥ. ಮದುವಣಗಿತ್ತಿ, ಅಗಸಗಿತ್ತಿ ಅನ್ನೋವಾಗ ಬರೋ ಗಿತ್ತಿ ಸೇರಿದ್ರೆ ಸೂಲಗಿತ್ತಿ. ಅಂದ್ರೆ ಹೆರಿಗೆ ಕೆಲಸದ ಹೆಂಗಸು. ದಾಯಿ ಅಂತ ಕರೆಯೋದು ಆಮೇಲೆ ಬಂದದ್ದು, ನರ್ಸಮ್ಮ ಅನ್ನೋದು ಇನ್ನೂ ಆಮೇಲೆ. ನಮ್ಮ ಭಾಷೆಗೆ ತನ್ನದೇ ಒಂದು ಹೆಸರು ಇತ್ತು ಅಂದ್ರೆ ಆ ಕೆಲಸಕ್ಕೆ ಒಂದು ಸ್ಥಾನ ಇತ್ತು ಅಂತಲೇ ಅರ್ಥ. ಬಡಗಿ, ಕಮ್ಮಾರ, ಕುಂಬಾರ ಇದ್ದಂಗೆ ಸೂಲಗಿತ್ತಿ. ವ್ಯತ್ಯಾಸ ಒಂದೇ. ಬಡಗಿ ಕಮ್ಮಾರರಿಗೆ ಸುಗ್ಗೀಲಿ ಕಣದಲ್ಲೇ ಆಯ ಅಳೆದು ಕೊಡೋರು. ಸೂಲಗಿತ್ತಿಗೆ ಮೊರದ ತುಂಬ ಜೋಳವೋ ರಾಗಿಯೋ, ಒಂದು ಕುಪ್ಪಸದ ಕಣ, ಎಲೆಅಡಿಕೆ ಕೊಟ್ರೆ ಕೊಟ್ರು, ಇಲ್ದಿದ್ರೆ "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನೋ ಮಾತು. ನರಸಮ್ಮಜ್ಜಿ ಅಂತೂ ಯಾರ ಹತ್ರನೂ ದುಡ್ಡು ಕೇಳಲಿಲ್ಲ. ಅವರ ಬಗ್ಗೆ ಬರೆದೋರೆಲ್ಲ ಮೊದಲು ಹೇಳೋ ಮಾತೇ ಅದು.

ಹನ್ನೆರಡಕ್ಕೆ ಮದುವೆ, ಇಪ್ಪತ್ತಕ್ಕೆ ಮೊದಲ ಹೆರಿಗೆ

ನರಸಮ್ಮಜ್ಜಿ ಹುಟ್ಟಿದ್ದು 1920ರಲ್ಲಿ. ಮನೆಮಾತು ತೆಲುಗು. ಆ ಗಡಿಸೀಮೆಲಿ ಒಲೆ ಮುಂದೆ ತೆಲುಗು, ಸಂತೇಲಿ ಕನ್ನಡ, ಹೆಣ್ಮಕ್ಕಳಿಗೆ ಎರಡೂ ಸಲೀಸು. ಶಾಲೆಗೆ ಹೋದೋರಲ್ಲ. ಹನ್ನೆರಡನೇ ವಯಸ್ಸಿಗೇ ಮದುವೆ. ಈಗಿನ ಲೆಕ್ಕದಲ್ಲಿ ಆರನೇ ಏಳನೇ ಕ್ಲಾಸಿನ ಹುಡುಗಿ. ಆವಾಗ ಅದನ್ನ ಯಾರೂ ಅತಿ ಅಂತ ಅಂದುಕೊಳ್ತಿರಲಿಲ್ಲ.

ಕೆಲಸ ಕಲಿಸಿದ್ದು ಅವರ ಅಜ್ಜಿ ಮರಿಗೆಮ್ಮ. ಆ ಅಜ್ಜಿಯೂ ಸೂಲಗಿತ್ತಿ. ನರಸಮ್ಮನ ಸ್ವಂತ ಹೆರಿಗೆಗಳಲ್ಲೇ ಐದನ್ನ ಅವರೇ ಮಾಡಿಸಿದ್ರಂತೆ. ಇದನ್ನ ಸ್ವಲ್ಪ ನಿಧಾನಕ್ಕೆ ಯೋಚನೆ ಮಾಡಿ. ಇವತ್ತು ಡಾಕ್ಟರಾಗೋರು ಮೊದಲು ಪುಸ್ತಕ ಓದಿ, ಆಮೇಲೆ ಬೊಂಬೆ ಮೇಲೆ ಕಲಿತು, ಆಮೇಲೆ ರೋಗಿ ಹತ್ರ ಹೋಗ್ತಾರೆ. ನರಸಮ್ಮಜ್ಜಿ ಕಲಿತದ್ದು ತನ್ನ ಮೈಮೇಲೆ. ಬೇನೆ ಎಲ್ಲಿಂದ ಶುರುವಾಗುತ್ತೆ, ಸೊಂಟದಲ್ಲಿ ಯಾವಾಗ ಇಳಿಯುತ್ತೆ, ಯಾವಾಗ ಮುಕ್ಕರಿಬೇಕು, ಯಾವಾಗ ಉಸಿರು ಬಿಟ್ಕೊಂಡು ಸುಮ್ನಿರಬೇಕು ಅನ್ನೋದು ತಾನು ಪಟ್ಟ ಪಾಡಿನಿಂದಲೇ ಗೊತ್ತು. ಜೊತೆಗೆ ಅಜ್ಜಿ ಕೈ ಏನು ಮಾಡ್ತಿದೆ ಅನ್ನೋದೂ ಗೊತ್ತು. ಒಂದೇ ಕೋಣೇಲಿ ಬಾಣಂತಿಯೂ ಅವರೇ, ಶಿಷ್ಯೆಯೂ ಅವರೇ.

1940ರಲ್ಲಿ, ಇಪ್ಪತ್ತರ ವಯಸ್ಸಲ್ಲಿ, ಹತ್ತಿರದ ಸಂಬಂಧಿಕರೊಬ್ಬರ ಹೆರಿಗೆಗೆ ಕೈ ಹಾಕಿದ್ರು. ಅದೇ ಮೊದಲು. ಅಲ್ಲಿಂದ ಎಪ್ಪತ್ತು ವರ್ಷಕ್ಕೂ ಮೀರಿ ನಿಲ್ಲಿಸಲಿಲ್ಲ.

ಮದ್ದು ಕಲಿತದ್ದು ಇನ್ನೊಂದು ದಾರೀಲಿ. ಊರಿಂದ ಊರಿಗೆ ತಿರುಗೋ ಅಲೆಮಾರಿ ಜನ ಕೃಷ್ಣಾಪುರಕ್ಕೂ ಬಂದು ಬಿಡಾರ ಹೂಡ್ತಿದ್ರು. ಅವರ ಜೊತೆ ಒಡನಾಡಿ, ಬೇರು ಸೊಪ್ಪು ಗುರುತಿಸೋದು, ಬಸುರಿಗೆ ಬಾಣಂತಿಗೆ ಏನು ಕೊಡಬೇಕು ಅನ್ನೋದು ತಿಳ್ಕೊಂಡ್ರು. ನಮ್ಮ ಮನೆಗಳಲ್ಲಿ ಬಿಡಾರದೋರು ಬಂದ್ರೆ ಏನು ಮಾಡ್ತೀವಿ? ಬಾಗಿಲು ಮುಂದೆ ಮಾಡ್ಕೊಂಡು ಮಕ್ಕಳನ್ನ ಒಳಗೆ ಕರಿತೀವಿ. ಈಯಮ್ಮ ಅಲ್ಲಿ ಕೂತು ವಿದ್ಯೆ ಕೇಳಿದ್ರು. ಬರೆದ ಪುಸ್ತಕ ಇಲ್ಲದ ಜನರ ಹತ್ರ ಬರೆಯೋಕೆ ಬಾರದ ಹೆಂಗಸು ಕಲಿತ ವಿದ್ಯೆ ಅದು.

ಬರಬರ್ತಾ ಎಂಥ ಕೈ ಆಯ್ತು ಅಂದ್ರೆ, ಹೊಟ್ಟೆ ಮೇಲೆ ಕೈಯಿಟ್ಟು ಮಗು ತಲೆ ಎಲ್ಲೈತೆ, ಜೀವ ಹೆಂಗೆ ಮಿಡೀತೈತೆ ಅಂತ ಹೇಳ್ತಿದ್ರಂತೆ. ಯಾವ ಮಿಷನ್ನೂ ಇಲ್ಲ, ಬೆರಳ ತುದಿ ಅಷ್ಟೇ. ಹಿಟ್ಟು ನಾದಿದೋರಿಗೆ, ಕೂಸಿಗೆ ಎಣ್ಣೆ ನೀರು ಹಾಕಿದೋರಿಗೆ ಇದು ಅಷ್ಟು ಆಶ್ಚರ್ಯ ಅನ್ಸಲ್ಲ. ಸಾವಿರ ಸಲ ಮುಟ್ಟಿದ ಕೈಗೆ ಕಣ್ಣು ಬರ್ತಾವೆ.

ಹದಿನೈದು ಸಾವಿರ ಅಂದ್ರೆ ಎಷ್ಟು?

ಅವರು ಮಾಡಿಸಿದ ಹೆರಿಗೆ 15,000ಕ್ಕೂ ಹೆಚ್ಚು ಅಂತ ಲೆಕ್ಕ. ಪೇಪರಲ್ಲಿ ಓದಿದಾಗ "ಅಬ್ಬಾ" ಅಂತ ಅಂದು ಮುಂದಕ್ಕೆ ಹೋಗಿಬಿಡ್ತೀವಿ. ಅದನ್ನ ಮನೆ ಲೆಕ್ಕದಲ್ಲಿ ಹಾಕೋಣ ಬನ್ನಿ.

ಎಪ್ಪತ್ತು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 214. ತಿಂಗಳಿಗೆ 17–18. ವಾರಕ್ಕೆ ನಾಕು. ಅಂದ್ರೆ ಒಂದು ದಿನ ಬಿಟ್ಟು ಒಂದು ದಿನಕ್ಕಿಂತಲೂ ಜಾಸ್ತಿ. ಯುಗಾದಿ ಇಲ್ಲ, ಮಾರ್ನೋಮಿ ಇಲ್ಲ, ಸ್ವಂತ ಮನೆಲಿ ಬಾಣಂತನ ಇದ್ರೂ ಇಲ್ಲ. ಒಂದು ಹೆರಿಗೆಗೆ ಒಂದೇ ಒಂದು ದಿನ ಅಂತ ಇಟ್ಕೊಂಡ್ರೂ 41 ವರ್ಷದ ದಿನಗಳು ಬೇರೆಯೋರ ಮನೆಯ ನಡುಮನೆಯಲ್ಲೇ ಕಳೆದು ಹೋದ್ವು.

ಆ ಒಂದು ದಿನ ಅಂದ್ರೂ ಸಣ್ಣದಲ್ಲ. ಚೊಚ್ಚಲಾದ್ರೆ ಹನ್ನೆರಡು, ಹದಿನಾಲ್ಕು ತಾಸು ಬೇನೆ ಸಾಮಾನ್ಯ. ತೊಲೆಗೆ ಹಗ್ಗ ಕಟ್ಟಿ, ಬಸುರಿ ಅದನ್ನ ಹಿಡ್ಕೊಂಡು ಕುಕ್ಕರುಗಾಲಲ್ಲಿ ಕೂರ್ತಿದ್ಲು. ಹಿಂದಿಂದ ಒಬ್ಬರು ಸೊಂಟ ಒತ್ತಿ ಹಿಡೀಬೇಕು, ಮುಂದೆ ಸೂಲಗಿತ್ತಿ ಕೂರಬೇಕು. ಅವಳ ಜೊತೆ ಮಾತಾಡ್ತಾ ಇರಬೇಕು, ಹೆದರಿದ್ರೆ ಗದರಬೇಕು, ಸುಸ್ತಾದ್ರೆ ಕಾಫಿ ಗಂಜಿ ಕುಡಿಸಬೇಕು. ಕೂಸು ಬಂದ ಮೇಲೆ ಅದು ಅತ್ತಿತಾ ನೋಡಬೇಕು. ಅಳದಿದ್ರೆ ಬಾಯಲ್ಲಿರೋ ಲೋಳೆ ತೆಗೆದು ಬೆನ್ನು ಉಜ್ಜಬೇಕು. ಹೊಕ್ಕಳ ಬಳ್ಳಿ ಕಟ್ಟಿ ಕೊಯ್ಯಬೇಕು. ಕಸ ಪೂರ್ತಿ ಬಿತ್ತಾ ಅಂತ ಬುಡ್ಡಿ ಹಿಡಿದು ನೋಡಬೇಕು, ಅದನ್ನ ಹಿತ್ತಲಲ್ಲಿ ಹೂಳಬೇಕು. ಮೈಲಿಗೆ ಬಟ್ಟೆ ಒಗೀಬೇಕು. ಬಾಣಂತಿಗೆ ನೀರು ಹಾಕಿ ಹೊಟ್ಟೆ ಕಟ್ಟಬೇಕು. ಆಮೇಲೆ ತಾನು ಸ್ನಾನ ಮಾಡಿ ಮನೆಗೆ ನಡೀಬೇಕು. ಎಲ್ಲ ಮುಗಿಯೋ ಹೊತ್ತಿಗೆ ಮನೆಯೋರು ಗಂಡೋ ಹೆಣ್ಣೋ ಅನ್ನೋ ಮಾತಲ್ಲಿ ಇರ್ತಿದ್ರು. ಇವಳು ಹೋದದ್ದು ಯಾರ ಗಮನಕ್ಕೂ ಬರ್ತಿರಲಿಲ್ಲ.

ಹನ್ನೆರಡು ಹೆತ್ತು ನಾಕನ್ನ ಕಳ್ಕೊಂಡ ತಾಯಿ

ನರಸಮ್ಮಜ್ಜಿಗೆ ಹನ್ನೆರಡು ಮಕ್ಕಳು. ಅದರಲ್ಲಿ ನಾಕು ಚಿಕ್ಕ ವಯಸ್ಸಲ್ಲೇ ತೀರಿಹೋದ್ವು. ಊರ ಮಕ್ಕಳನ್ನೆಲ್ಲ ಬದುಕಿಸಿದ ಕೈಗೆ ತನ್ನ ಮಡಿಲಿನ ನಾಕನ್ನ ಉಳಿಸ್ಕೊಳ್ಳೋಕೆ ಆಗಲಿಲ್ಲ. ನಮ್ಮ ಅಜ್ಜಿ ಮುತ್ತಜ್ಜಿಯರ ಮಾತು ಕೇಳಿ ನೋಡಿ, "ಹತ್ತು ಹೆತ್ತೆ, ಆರು ಉಳಿದ್ವು" ಅಂತ ಹೇಳೋದು ಆ ಕಾಲಕ್ಕೆ ಬಲು ಸಾಮಾನ್ಯ. ಉಪ್ಪು ಹುಳಿ ಲೆಕ್ಕ ಹೇಳಿದಂಗೆ ಹೇಳಿ ಸುಮ್ಮನಾಗ್ತಿದ್ರು. ದುಃಖ ಇರಲಿಲ್ಲ ಅಂತಲ್ಲ, ಅಳೋಕೆ ಪುರುಸೊತ್ತು ಇರಲಿಲ್ಲ.

ಇದನ್ನ ಹೇಳ್ತಿರೋದಕ್ಕೆ ಕಾರಣ ಐತೆ. ಈಗೀಗ ವಾಟ್ಸಾಪಲ್ಲಿ "ಹಳೇ ಕಾಲದಲ್ಲಿ ಮನೇಲೇ ಹೆರಿಗೆ, ಎಷ್ಟು ಚೆಂದ, ಈಗ ಎಲ್ಲ ಆಸ್ಪತ್ರೆ ವ್ಯಾಪಾರ" ಅಂತ ಬರ್ತಾ ಇರುತ್ತೆ. ನರಸಮ್ಮಜ್ಜಿಯ ಫೋಟೋ ಹಾಕಿಯೇ ಹಂಗೆ ಬರೆದದ್ದನ್ನೂ ನೋಡ್ತೀವಿ. ಅಷ್ಟು ಸಲೀಸಾಗಿ ಹೇಳೋಕಾಗಲ್ಲ ಕಣ್ರಮ್ಮ.

ಹೆರಿಗೆ ಆದ್ಮೇಲೆ ರಕ್ತ ನಿಲ್ಲದೇ ಹೋದ್ರೆ ಎರಡು ತಾಸಲ್ಲಿ ಜೀವ ಹೋಗಬಹುದು. ಅದಕ್ಕೆ ಬೇಕಾದ್ದು ಇಂಜೆಕ್ಷನ್ನು, ರಕ್ತ. ಕೈಗುಣ ಎಷ್ಟೇ ಒಳ್ಳೇದಿದ್ರೂ ಸೂಲಗಿತ್ತಿ ಹತ್ರ ಅವೆರಡೂ ಇರಲಿಲ್ಲ. ಕೂಸು ಅಡ್ಡ ಬಂದು ಸಿಕ್ಕಾಕ್ಕೊಂಡ್ರೆ ಕೊಯ್ದು ತೆಗೆಯೋದೊಂದೇ ದಾರಿ. ಅದೂ ಅವಳ ಕೈಲಿ ಆಗೋ ಮಾತಲ್ಲ. ಇನ್ನು ಹೊಕ್ಕಳ ಬಳ್ಳಿ. ಎಷ್ಟೋ ಊರಲ್ಲಿ ಕುಡುಗೋಲಿಂದಲೋ ಬಿದಿರು ಸಿಬಿರಿಂದಲೋ ಕೊಯ್ದು, ಮೇಲೆ ಬೂದಿಯೋ ಸಗಣಿಯೋ ಹಚ್ಚೋ ಪದ್ಧತಿ ಇತ್ತು. ಒಂದು ವಾರದಲ್ಲಿ ಕೂಸು ಮೊಲೆ ಚೀಪೋದು ಬಿಡ್ತಿತ್ತು, ಮೈ ಸೆಟೆದು ಬಿಲ್ಲಿನಂಗೆ ಬಾಗ್ತಿತ್ತು. ಬಾಲಗ್ರಹ ಅಂತ ತಾಯತ ಕಟ್ಟಿಸ್ತಿದ್ರು. ಎಷ್ಟೋ ಸಲ ಅದು ಧನುರ್ವಾಯು, ಕೊಳೆ ಬ್ಲೇಡಿಂದ ಬಂದದ್ದು. ಬಸುರಿಗೆ ಟಿಟಿ ಇಂಜೆಕ್ಷನ್ನು, ದಾಯಿಯರಿಗೆ "ಐದು ಶುಚಿ" ಪಾಠ ಬಂದ ಮೇಲೆ ಇದು ಕಮ್ಮಿ ಆಗ್ತಾ ಬಂತು. ಆ ಐದು ಯಾವುವು ಅಂದ್ರೆ ಶುಚಿಯಾದ ಕೈ, ಶುಚಿಯಾದ ಹಾಸು, ಹೊಸ ಬ್ಲೇಡು, ಶುಚಿಯಾದ ದಾರ, ಹೊಕ್ಕಳಿಗೆ ಏನೂ ಹಚ್ಚದಿರೋದು. 2015ರಲ್ಲಿ ನಮ್ಮ ದೇಶದಲ್ಲಿ ತಾಯಿ ಮಗುವಿನ ಧನುರ್ವಾಯು ತೊಲಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿಕೊಳ್ತು.

ಹಂಗಂತ ತಪ್ಪೆಲ್ಲ ಓದದ ಹೆಂಗಸರದ್ದು, ಬುದ್ಧಿ ಎಲ್ಲ ಓದಿದೋರದ್ದು ಅಂತಲೂ ಅಲ್ಲ. 1847ರಲ್ಲಿ ವಿಯೆನ್ನಾ ಊರಿನ ದೊಡ್ಡ ಆಸ್ಪತ್ರೇಲಿ ಎರಡು ಹೆರಿಗೆ ವಾರ್ಡು ಇದ್ವು. ಒಂದರಲ್ಲಿ ಡಾಕ್ಟರುಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರುಗಳ ವಾರ್ಡಲ್ಲೇ ಬಾಣಂತಿಯರು ಜಾಸ್ತಿ ಸಾಯ್ತಿದ್ರು. ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರು ಕಾರಣ ಹುಡುಕಿದಾಗ ತಿಳಿದದ್ದು ಏನಂದ್ರೆ, ಅವರು ಹೆಣ ಕೊಯ್ದು ಪಾಠ ಮಾಡಿ, ಕೈ ಸರಿಯಾಗಿ ತೊಳೀದೆ ಬಂದು ಹೆರಿಗೆ ಮಾಡಿಸ್ತಿದ್ರು. ಕೈ ತೊಳೀರಿ ಅಂದಿದ್ದಕ್ಕೆ ದೊಡ್ಡೋರೆಲ್ಲ ಸಿಟ್ಟಾದ್ರು. ಬಿಸಿನೀರಲ್ಲಿ ಕೈ ತೊಳೆದು ಒಳಗೆ ಬಾ ಅನ್ನೋ ನಮ್ಮ ಹಳೇ ಅಜ್ಜಿಯರ ಗದರಿಕೆ ಎಷ್ಟು ಬೆಲೆಯದ್ದು ಅಂತ ಇದರಲ್ಲೇ ಗೊತ್ತಾಗುತ್ತೆ.

ಊರ ಹೊರಗಿನ ಗುಡಿಸಲು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯೋರಿಗೆ ಇನ್ನೊಂದು ಮಾತು ಬಿಡಿಸಿ ಹೇಳಬೇಕಾಗಿಲ್ಲ. ಸೂತಕ. ಹೆತ್ತ ಹೆಂಗಸು ಮೈಲಿಗೆ, ಅವಳನ್ನ ಮುಟ್ಟಿದೋಳೂ ಮೈಲಿಗೆ. ಎಲ್ಲ ಜಾತೀಲೂ ಇದು ಒಂದೊಂದು ರೀತೀಲಿ ಇತ್ತು. ಹತ್ತು ದಿನ ಮೂಲೆ ಕೋಣೆ, ಬೇರೆ ತಟ್ಟೆ, ಬೇರೆ ಕಂಬಳಿ. ನಮ್ಮ ಕಡೆಯ ಗೊಲ್ಲರಹಟ್ಟಿಗಳಲ್ಲಿ ಇನ್ನೂ ಗಟ್ಟಿ. ಬಾಣಂತಿ ಕೂಸಿನ ಜೊತೆ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇರಬೇಕು, ಮಳೆಯೋ ಚಳಿಯೋ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟೀಲಿ ಹಿಂಗೆ ಹೊರಗಿಟ್ಟಿದ್ದ ಹಸುಗೂಸು ತೀರಿಹೋಗಿ ರಾಜ್ಯಕ್ಕೆಲ್ಲ ಸುದ್ದಿ ಆಯ್ತು. ದೇವರಿಗೆ ಮೈಲಿಗೆ ಆಗುತ್ತೆ ಅನ್ನೋ ಭಯ ತಾಯಿಗೂ ಇರುತ್ತೆ, ಅವಳ ತಾಯಿಗೂ ಇರುತ್ತೆ, ಬರೀ ಬೈದ್ರೆ ಹೋಗಲ್ಲ. ಹಟ್ಟಿಗಳ ಓದಿದ ಹೆಣ್ಮಕ್ಕಳೇ ಎದ್ದು ಮಾತಾಡಿದ್ರೆ ಹೋಗುತ್ತೆ. ಆ ಮಾತು ಈಗ ಶುರುವಾಗೈತೆ ಅನ್ನೋದೇ ಸಮಾಧಾನ.

ಸೂಲಗಿತ್ತಿಯ ಕೆಲಸದ ನಿಜವಾದ ತೂಕ ಇಲ್ಲೇ ಗೊತ್ತಾಗೋದು. ಎಲ್ಲರೂ ದೂರ ನಿಂತ ಹೊತ್ತಲ್ಲಿ ಮುಟ್ಟೋಳು ಅವಳೊಬ್ಬಳೇ. ಸ್ವಂತ ಅತ್ತೆ ಮೂರು ಮಾರು ದೂರದಿಂದ ನೀರಿನ ಚೊಂಬು ದೂಡೋವಾಗ, ಯಾವ ನೆಂಟೂ ಇಲ್ಲದ ಒಂದು ಹೆಂಗಸು ರಕ್ತದ ಮಧ್ಯೆ ಕೂತು ಮೈ ಒರೆಸ್ತಿದ್ಲು. ನಾವು ಸೇವೆ ಅನ್ನೋ ಮಾತನ್ನ ಬಹಳ ಸಸ್ತಾ ಮಾಡಿಬಿಟ್ಟಿದ್ದೀವಿ. ಶಾಲು ಹಾರದ ಸೇವೆ ಬೇರೆ, ಈ ಸೇವೆ ಬೇರೆ.

ಎರಡು ವಾಣಿವಿಲಾಸ

ಹಿರಿಯೂರಿನೋರಿಗೆ ವಾಣಿವಿಲಾಸ ಅಂದ್ರೆ ಮಾರಿಕಣಿವೆ ಡ್ಯಾಮು. 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ, 89 ವರ್ಷ ಆದ್ಮೇಲೆ. ನೋಡೋಕೆ ಜನ ಜಾತ್ರೆ ಸೇರಿತ್ತು. ಬೆಂಗಳೂರಿನೋರಿಗೆ ವಾಣಿವಿಲಾಸ ಅಂದ್ರೆ ಕೆ.ಆರ್. ಮಾರ್ಕೆಟ್ ಹತ್ರದ ಹೆರಿಗೆ ಆಸ್ಪತ್ರೆ, 1935ರದ್ದು. ಎರಡಕ್ಕೂ ಒಬ್ಬರದೇ ಹೆಸರು. ಗಂಡ ತೀರಿಕೊಂಡ ಮೇಲೆ ಮಗ ಇನ್ನೂ ಚಿಕ್ಕೋನು ಅಂತ 1895ರಿಂದ 1902ರವರೆಗೆ ಮೈಸೂರು ರಾಜ್ಯ ನೋಡ್ಕೊಂಡ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಡ್ಯಾಮಿನ ಕೆಲಸ ಶುರುವಾದದ್ದು ಅವರ ಕಾಲದಲ್ಲೇ.

ಒಂದು ಹೆಸರು ನಮಗೆ ನೀರು ಕೊಡ್ತು. ಇನ್ನೊಂದು ಹೆರಿಗೆ ಆಸ್ಪತ್ರೆ ಕೊಡ್ತು, ಆದ್ರೆ ಅದು ಇದ್ದದ್ದು ನೂರೈವತ್ತು ಕಿಲೋಮೀಟರಿಗೂ ಆಚೆ. ಬೇನೆ ಶುರುವಾದ ಹೆಂಗಸು ಗಾಡೀಲಿ ಕೂತು ಅಷ್ಟು ದೂರ ಹೋಗೋಕಾಗುತ್ತಾ? ಆ ನೂರೈವತ್ತು ಕಿಲೋಮೀಟರ್ ಉದ್ದದ ಖಾಲಿ ಜಾಗದಲ್ಲಿ, ಊರೂರಲ್ಲೂ ನಿಂತಿದ್ದೋರು ಸೂಲಗಿತ್ತಿಯರು. ನರಸಮ್ಮಜ್ಜಿಯ ಹದಿನೈದು ಸಾವಿರ ಕೂಸುಗಳು ಹುಟ್ಟಿದ್ದು ಆಸ್ಪತ್ರೆ ಬೇಡ ಅಂತ ಅಲ್ಲ, ಆಸ್ಪತ್ರೆ ಇರಲಿಲ್ಲ ಅಂತ. ಈ ಮಾತು ಮರೀಬಾರದು.

ಆಸ್ಪತ್ರೆ ನಿಜವಾಗಿ ನಮ್ಮ ಹಳ್ಳಿ ಬಾಗಿಲಿಗೆ ಬಂದದ್ದು ಇತ್ತೀಚೆಗೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಸ್ಪತ್ರೇಲಿ ಹೆತ್ರೆ ದುಡ್ಡು ಕೊಡ್ತಾರೆ ಅಂತ. ಆಶಾ ಕಾರ್ಯಕರ್ತೆಯರು ಬಂದ್ರು. ಮಡಿಲು ಕಿಟ್ಟು ಬಂತು. 108 ಗಾಡಿ ಬಂತು. 2005–06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ 65 ಹೆರಿಗೆ ಆಸ್ಪತ್ರೇಲಿ ಆಗ್ತಿದ್ರೆ, 2019–20ರ ಹೊತ್ತಿಗೆ 97. ಒಂದು ಲಕ್ಷ ಹೆರಿಗೆಗೆ 2004–06ರಲ್ಲಿ 213 ತಾಯಂದಿರು ಸಾಯ್ತಿದ್ರು. 2018–20ಕ್ಕೆ ಅದು 69ಕ್ಕೆ ಇಳೀತು. ಆ ವ್ಯತ್ಯಾಸದಲ್ಲಿ ನಮ್ಮ ನಿಮ್ಮ ಸೊಸೆ, ನಾದಿನಿ, ಮಗಳು ಯಾರೋ ಒಬ್ಬರು ಇದಾರೆ. ಅದ್ಕೆ ಆಸ್ಪತ್ರೆಗೇ ಹೋಗಬೇಕು. ಇದರಲ್ಲಿ ಎರಡು ಮಾತಿಲ್ಲ.

ಆದ್ರೆ ಹೋಗೋವಾಗ ಏನೋ ಒಂದನ್ನ ಬಾಗಿಲಲ್ಲೇ ಬಿಟ್ಟು ಹೋದ್ವಿ. ಮೈ ಮುಟ್ಟಿ, ಹೆಸರು ಹಿಡಿದು ಕರೆದು, ಬೇನೆ ಮುಗಿಯೋವರೆಗೂ ಎದ್ದು ಹೋಗದೆ ಕೂರೋ ಒಬ್ಬ ಹೆಂಗಸನ್ನ. ಈಗಿನ ಹುಡುಗೀರನ್ನ ಕೇಳಿ, "ನೋವಿಗಿಂತ ಒಬ್ಬಳೇ ಮಲಗಿದ್ದು ಭಯ ಆಯ್ತು" ಅಂತ ಹೇಳೋರು ಎಷ್ಟು ಜನ. 2019–20ರ ಹೊತ್ತಿಗೇ ಮೂರು ಹೆರಿಗೇಲಿ ಹತ್ರ ಹತ್ರ ಒಂದು ಸಿಸೇರಿಯನ್ ಆಗ್ತಿತ್ತು ನಮ್ಮ ರಾಜ್ಯದಲ್ಲಿ. ಬೇಕಾದಾಗ ಅದು ಜೀವ ಉಳಿಸೋದು ನಿಜ, ಆದ್ರೆ ಮೂವರಲ್ಲಿ ಒಬ್ಬಳಿಗೆ ಬೇಕೇ ಬೇಕಾ ಅಂತ ಡಾಕ್ಟರುಗಳೇ ಈಗ ಕೇಳ್ತಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಕೆಲಸಕ್ಕೆಂದೇ ನರ್ಸುಗಳಿಗೆ ಬೇರೆ ತರಬೇತಿ ಕೊಡೋ ಮಾರ್ಗಸೂಚಿ ಹೊರಡಿಸ್ತು. ಅಂದ್ರೆ ಆ ಕೈ ಬೇಕು ಅಂತ ದೇಶಕ್ಕೆ ಮತ್ತೆ ನೆಪ್ಪಾಯ್ತು. ಅದೇ 2018.

ತೊಂಬತ್ತು ದಾಟಿದ ಮೇಲೆ ಬಂದ ಶಾಲು

ಅದೇ ವರ್ಷ ಅಂದದ್ದು ಯಾಕೆ ಅಂದ್ರೆ, 2018ರ ಜನವರಿ 25ಕ್ಕೆ ನರಸಮ್ಮಜ್ಜಿಗೆ ಪದ್ಮಶ್ರೀ ಅಂತ ಘೋಷಣೆ ಆಯ್ತು. ದೇವದಾಸಿ ಹೆಣ್ಮಕ್ಕಳಿಗಾಗಿ ದುಡಿದ ಬೆಳಗಾವಿ ಕಡೆಯ ಸೀತವ್ವ ಜೋಡಟ್ಟಿಯವರಿಗೂ ಆ ವರ್ಷವೇ ಬಂತು. ಮುಂದಿನ ವರ್ಷ ಮರ ನೆಟ್ಟ ತಿಮ್ಮಕ್ಕಜ್ಜಿಗೆ. ಓದು ಬರಹ ಇಲ್ಲದ ನಮ್ಮ ಸೀಮೆಯ ಅಜ್ಜಿ ಸೀರೆ ಸೆರಗು ಹೊದ್ದು ರಾಷ್ಟ್ರಪತಿ ಭವನದಲ್ಲಿ ನಿಂತದ್ದನ್ನ ಟಿವೀಲಿ ನೋಡಿದೋರಿಗೆಲ್ಲ ಕಣ್ಣು ತುಂಬಿತು.

ಸ್ವಲ್ಪ ವರ್ಷಗಳ ಲೆಕ್ಕ ನೋಡಿ. 2012ರಲ್ಲಿ ದೇವರಾಜ ಅರಸು ಪ್ರಶಸ್ತಿ. 2013ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ, ಅದೇ ವರ್ಷ ಕೇಂದ್ರ ಸರ್ಕಾರದ ವಯೋಶ್ರೇಷ್ಠ ಸಮ್ಮಾನ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದಿಂದ ಗೌರವ ಡಾಕ್ಟರೇಟು. ಶಾಲೆ ಮೆಟ್ಟಿಲು ಹತ್ತದ ಸೂಲಗಿತ್ತಿ ಡಾಕ್ಟರ್ ನರಸಮ್ಮ ಆದ್ರು. ಇವೆಲ್ಲ ಬಂದದ್ದು ತೊಂಬತ್ತು ದಾಟಿದ ಮೇಲೆ. ಮೊದಲ ಹೆರಿಗೆ 1940ರಲ್ಲಿ, ಈ ಸಾಲಿನ ಮೊದಲ ದೊಡ್ಡ ಪ್ರಶಸ್ತಿ 2012ರಲ್ಲಿ. ನಡುವಿನ 72 ವರ್ಷ? ಅಷ್ಟೊಂದು ಆಯಸ್ಸು ಇದ್ದದ್ದಕ್ಕೆ ಅವರು ಕಣ್ಣಿಗೆ ಬಿದ್ರು. ಅರವತ್ತಕ್ಕೋ ಎಪ್ಪತ್ತಕ್ಕೋ ತೀರಿಕೊಂಡಿದ್ರೆ ಕೃಷ್ಣಾಪುರದ ಹೆಸರು ನಮಗೆ ಗೊತ್ತೇ ಆಗ್ತಿರಲಿಲ್ಲ. ಅಂಗೇ ಐವತ್ತಕ್ಕೆ, ಅರವತ್ತಕ್ಕೆ ಹೋದ ಸೂಲಗಿತ್ತಿಯರು ನಮ್ಮ ನಾಕೂ ತಾಲ್ಲೂಕಲ್ಲಿ ಎಷ್ಟು ಜನ ಇದ್ದಿರಬಹುದು ಅಂತ ಒಂದ್ಸಲ ಯೋಚನೆ ಮಾಡಿ.

ಪದ್ಮಶ್ರೀ ಘೋಷಣೆ ಆಗಿ ಸರಿಯಾಗಿ ಹನ್ನೊಂದು ತಿಂಗಳಿಗೆ, 2018ರ ಡಿಸೆಂಬರ್ 25ರಂದು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅಜ್ಜಿ ತೀರಿಕೊಂಡ್ರು. 98 ವರ್ಷ. ಉಸಿರಾಟದ ತೊಂದರೆ ಇತ್ತು. ಕೊನೇಲಿ ಅವರನ್ನ ನೋಡಿಕೊಂಡ ಡಾಕ್ಟರು ನರ್ಸುಗಳಲ್ಲಿ ಯಾರನ್ನಾದ್ರೂ ಭೂಮಿಗೆ ಇಳಿಸಿದ್ದು ಒಬ್ಬ ಸೂಲಗಿತ್ತಿಯೇ ಇದ್ದಿರಬಹುದು. ಯಾವ ಊರಿನ ಯಾವ ಸೂಲಗಿತ್ತಿಯೋ.

ನಾವು ಮಾಡಬಹುದಾದ ಒಂದು ಕೆಲಸ

ನಮ್ಮನೆ ಜಾತಕದ ಪೆಟ್ಟಿಗೆ ತೆಗೆದು ನೋಡಿ. ಹುಟ್ಟಿದ ಗಳಿಗೆ ಐತೆ, ನಕ್ಷತ್ರ ಐತೆ, ಪಾದ ಐತೆ, ಜಾತಕ ಬರೆದ ಅಯ್ಯನೋರ ಹೆಸರೂ ಐತೆ. ಆ ಗಳಿಗೇಲಿ ಕೂಸನ್ನ ಕೈಯಲ್ಲಿ ಹಿಡಿದೋಳ ಹೆಸರು ಇಲ್ಲ. ಜನನ ಪತ್ರದಲ್ಲಿ ಅಪ್ಪನ ಹೆಸರು, ಅಮ್ಮನ ಹೆಸರು, ಊರು ಐತೆ, ಅಲ್ಲೂ ಅವಳ ಹೆಸರು ಇಲ್ಲ. ಗಳಿಗೆ ಎಷ್ಟು ಅಂತ ಹೊರಗೆ ಕೂಗಿ ಹೇಳಿದೋಳೇ ಅವಳು. ಅವಳು ಹೇಳದೇ ಇದ್ರೆ ಆ ಜಾತಕವೇ ಇಲ್ಲ.

ಅದ್ಕೆ ಅಕ್ಕತಂಗೇರೆ, ಒಂದು ಮಾತು. ಮನೇಲಿ ಎಪ್ಪತ್ತು ಎಂಬತ್ತು ದಾಟಿದ ಅತ್ತೆಯೋ ಅಜ್ಜಿಯೋ ದೊಡ್ಡಮ್ಮನೋ ಇದ್ರೆ, ಸಂಜೆ ಹೊತ್ತು ಸೊಪ್ಪು ಬಿಡಿಸೋವಾಗ ಪಕ್ಕ ಕೂತು ಕೇಳಿ. ನಿಮ್ಮ ಹೆರಿಗೆ ಮಾಡಿಸಿದ್ದು ಯಾರು? ಯಾವ ಕೇರಿಯೋರು? ಯಾರ ಹತ್ರ ಕಲಿತಿದ್ರು? ಏನು ಕೊಟ್ರಿ ಅವರಿಗೆ? ಮೊದಲು "ಅಯ್ಯೋ ಅದೆಲ್ಲ ಈಗ ಯಾಕೆ" ಅಂತಾರೆ. ಸ್ವಲ್ಪ ಸುಮ್ಮನಿರಿ, ಆಮೇಲೆ ಅವರೇ ಶುರು ಮಾಡ್ತಾರೆ. ಕೇಳಿದ್ದನ್ನ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದೆ ಆದ್ರೂ ಬರೆದಿಡಿ. ಅವರ ಮೊಮ್ಮಕ್ಕಳು ಅದೇ ಊರಲ್ಲಿ ಇದ್ರೆ ಮನೆ ಶುಭಕಾರ್ಯಕ್ಕೆ ಕರೀರಿ. ಬಂದ್ರೆ ಒಳಗೆ ಕರೆದು ಕೂರಿಸಿ ಉಡಿ ತುಂಬಿ ಕಳಿಸಿ. ಹೊಸಲಿನ ಹೊರಗೆ ನಿಲ್ಲಿಸಿ ಕೊಡೋದಲ್ಲ.

ಇನ್ನೊಂದು ಕೆಲಸವೂ ಐತೆ. ಮನೆ ಹುಡುಗಿ ಹೆರಿಗೆಗೆ ಹೋದಾಗ ಆಸ್ಪತ್ರೇಲಿ ಯಾರು ಜೊತೆಗಿರ್ತಾರೆ ಅಂತ ಮುಂಚೇನೇ ಕೇಳಿ, ಒಳಗೆ ಒಬ್ಬರನ್ನ ಬಿಡ್ತಾರಾ ವಿಚಾರಿಸಿ. ಬಿಟ್ರೆ ಹೋಗಿ ಕೂರಿ. ಮದ್ದು ಮಾಡೋದು ಡಾಕ್ಟರ ಕೆಲಸ, ಅದಕ್ಕೆ ಅಡ್ಡ ಹೋಗೋದು ಬೇಡ. ಕೈ ಹಿಡ್ಕೊಂಡು, ಹೆಸರು ಹಿಡಿದು ಕರೆದು, "ಇಲ್ಲೇ ಇದೀನಿ ಕಣೇ" ಅಂತ ಹೇಳೋದಷ್ಟೇ ನಮ್ಮ ಪಾಲಿನ ಕೆಲಸ. ನರಸಮ್ಮಜ್ಜಿ ಎಪ್ಪತ್ತು ವರ್ಷ, ವಾರಕ್ಕೆ ನಾಕು ಸಲ, ದುಡ್ಡು ಕೇಳದೆ ಮಾಡಿದ ಕೆಲಸದಲ್ಲಿ ನಮ್ಮ ಕೈಲಾಗೋದು ಅಷ್ಟು. ಅಷ್ಟನ್ನಾದ್ರೂ ಮಾಡೋಣ.